ಕಾಂಕ್ರೀಟ್ ಕಟ್ಟಿದ ಬೀದಿಮರ: ಕೊಂಬೆ ಕಡಿಸಿದರೆ ಬೀಳುವುದು ತಪ್ಪುತ್ತಾ?

ಬರೀ ಕೊಂಬೆ ಕಡಿಸಿದರೆ ಸಾಲದು. ಬೆಂಗಳೂರಿನಲ್ಲಿ ಏಪ್ರಿಲ್–ಮೇ ಗಾಳಿಮಳೆಗೆ ಬುಡಸಮೇತ ಉರುಳುವ ಮರಗಳ ತೊಂದರೆ ಇರುವುದು ಬೇರಿನಲ್ಲಿ. ಹೆಚ್ಚಿನ ಬೇರುಗಳು ಮೇಲಿನ 2 ಅಡಿ ಮಣ್ಣಿನಲ್ಲೇ ಹರಡಿರುತ್ತವೆ. ಚರಂಡಿಗೋ ಕೇಬಲ್ಲಿಗೋ ಒಂದು ಪಕ್ಕ ಅಗೆದರೆ ಆ ಕಡೆಯ ಹಿಡಿತವೇ ಹೋಯಿತು. ಗುಲ್‌ಮೊಹರ್‌ನಂಥ ಮೇಲ್ಬೇರಿನ ಮರಕ್ಕಂತೂ ಕೇಳುವುದೇ ಬೇಡ.

ಕಾಂಡದ ಸುತ್ತ ಕನಿಷ್ಠ 1 ಮೀಟರ್ ಕಾಂಕ್ರೀಟ್ ತೆಗೆಸಿ. ಕಾಂಕ್ರೀಟ್ ಒಡೆಯುವ ಬ್ರೇಕರ್ ಯಂತ್ರ ಬೇಡ, ಹಾರೆಯಲ್ಲಿ ಮೆಲ್ಲಗೆ ಎಬ್ಬಿಸಲಿ. ಬೇರಿಗಾದ ಗಾಯದಿಂದಲೇ ಶಿಲೀಂಧ್ರ ಒಳಹೊಕ್ಕು ಕೊಳೆಸುತ್ತದೆ. ಮೇಲೆ 2–3 ಇಂಚು ತರಗೆಲೆ ಹಾಸಿ, ಕಾಂಡಕ್ಕೆ ತಾಗದಂತೆ.

ನೆತ್ತಿ ಬೋಳಿಸುವುದು (ನಮ್ಮಲ್ಲಿ ನಡೆಯುವುದು ಅದೇ) ತಪ್ಪು. ಆಮೇಲೆ ಒತ್ತಾಗಿ ಚಿಗುರುವ ರೆಂಬೆಗಳ ಬುಡ ಸಡಿಲ, ಮುಂದೆ ಅವೇ ಮುರಿಯುತ್ತವೆ. ದಪ್ಪ ಕೊಂಬೆಯನ್ನು ಕಾಂಡದಿಂದ ಒಂದಡಿ ಆಚೆ, ಮೊದಲು ಅಡಿಯಿಂದ ಮೂರನೇ ಒಂದು ಭಾಗ ಕೊಯ್ಯಬೇಕು. ಅದಕ್ಕಿಂತ ತುಸು ಆಚೆ ಮೇಲಿನಿಂದ ಪೂರ್ತಿ. ಉಳಿದ ಮೋಟನ್ನು ಕೊಂಬೆ ಕಾಂಡಕ್ಕೆ ಸೇರುವಲ್ಲಿರುವ ಉಬ್ಬಿಗೆ ತಾಗದಂತೆ ಅದರ ಹೊರಗೆ ತೆಗೆಯಿರಿ. ಆಗ ತೊಗಟೆ ಸಿಗಿಯುವುದಿಲ್ಲ, ಗಾಯವೂ ಮುಚ್ಚುತ್ತದೆ. ಪೇಂಟು, ಡಾಂಬರು ಬಳಿಯಬೇಡಿ.

ಬುಡದಲ್ಲಿ ಅಣಬೆ ಎದ್ದಿದ್ದರೆ, ಮಣ್ಣು ಒಂದು ಬದಿ ಉಬ್ಬಿ ಬಿರಿದಿದ್ದರೆ ತಡಮಾಡದೆ ಪಾಲಿಕೆಯ ಅರಣ್ಯ ವಿಭಾಗಕ್ಕೆ ತಿಳಿಸಿ. ಮರ ಕಡಿಯಲು 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆಯಡಿ ವೃಕ್ಷಾಧಿಕಾರಿಯ ಅನುಮತಿ ಬೇಕು.