ಕೊಟ್ಟ ಹಣ ಮರಳಿ ಬರಲು ದಾರಿ ಇದೆಯೇ?

ಓದುಗರ ಪತ್ರ: ‘ಹಳೆಯ ಕ್ಯಾಮೆರಾ ಒಂದರ ಜಾಹೀರಾತು ನೋಡಿ ಮಾರುವವರನ್ನು ಸಂಪರ್ಕಿಸಿದೆ. ಕಾರ್ಡ್ ಮೂಲಕ ಪಾವತಿಸುತ್ತೇನೆ ಎಂದಾಗ, ಅದಕ್ಕೆ ಶುಲ್ಕ ಹೆಚ್ಚು, ನೇರವಾಗಿ ಖಾತೆಗೆ ಕಳುಹಿಸಿಬಿಡಿ ಎಂದರು. ಕಳುಹಿಸಿದೆ. ಅಂದಿನಿಂದ ಅವರ ಮೊಬೈಲ್ ಬಂದ್ ಆಗಿದೆ. ಬ್ಯಾಂಕಿಗೆ ಹೋದರೆ, ನೀವೇ ಕಳುಹಿಸಿದ ಹಣವಲ್ಲವೇ ಎಂದು ಕೈಚೆಲ್ಲಿದರು. ಇನ್ನು ಮುಂದೆ ನಗದನ್ನೇ ಬಳಸು ಎನ್ನುತ್ತಾನೆ ಅಣ್ಣ. ಕಾರ್ಡ್, ಮೊಬೈಲ್ ವಾಲೆಟ್, ನೇರ ವರ್ಗಾವಣೆ ಇವುಗಳಲ್ಲಿ ನಿಜಕ್ಕೂ ಸುರಕ್ಷಿತವಾದದ್ದು ಯಾವುದು?’

ಸಂಪಾದಕರ ಉತ್ತರ: ನಿಮ್ಮ ಪತ್ರ ಓದಿ ಬೇಸರವಾಯಿತು. ಬೇಸರಕ್ಕಿಂತ ಹೆಚ್ಚಾಗಿ ಕಾಡಿದ್ದು ಬ್ಯಾಂಕಿನವರ ಆ ಮಾತು. ‘ನೀವೇ ಕಳುಹಿಸಿದ ಹಣವಲ್ಲವೇ’ ಎಂಬುದು ನೊಂದವರಿಗೆ ಹೇಳುವ ಮಾತಲ್ಲ. ಆದರೂ ನಿಮ್ಮ ಪ್ರಶ್ನೆಯ ಉತ್ತರ ಅದರ ಒಳಗೇ ಇದೆ. ಪಾವತಿ ವ್ಯವಸ್ಥೆಗಳು ನಷ್ಟವನ್ನು ಎರಡು ಬಗೆಯಾಗಿ ನೋಡುತ್ತವೆ. ನಿಮಗೆ ತಿಳಿಯದೆ ಬೇರೆಯವರು ಹಣ ತೆಗೆದರೆ ಅದು ಅನಧಿಕೃತ ವಹಿವಾಟು. ಮೋಸಕ್ಕೆ ಸಿಲುಕಿ ನೀವೇ ಒಪ್ಪಿಗೆ ಒತ್ತಿದರೆ ಅದು ಅಧಿಕೃತ ವಹಿವಾಟು. ಮೊದಲನೆಯದಕ್ಕೆ ಬಹುತೇಕ ದೇಶಗಳಲ್ಲಿ ಕಾನೂನಿನ ರಕ್ಷಣೆ ಇದೆ. ಎರಡನೆಯದಕ್ಕೆ ಅಂಥ ರಕ್ಷಣೆ ಈಗಷ್ಟೇ ಅಲ್ಲೊಂದು ಇಲ್ಲೊಂದು ಕಡೆ ಹುಟ್ಟುತ್ತಿದೆ.

ತಂತ್ರಜ್ಞಾನದ ದೃಷ್ಟಿಯಿಂದ ನೀವು ಹೆಸರಿಸಿದ ಮೂರೂ ಗಟ್ಟಿಯೇ. ಕಾರ್ಡಿನ ಹಿಂಬದಿಯ ಕಪ್ಪು ಪಟ್ಟಿಯಲ್ಲಿರುವ ಮಾಹಿತಿ ಎಂದಿಗೂ ಬದಲಾಗುವುದಿಲ್ಲ. ಒಮ್ಮೆ ನಕಲು ಮಾಡಿಕೊಂಡವರು ಇನ್ನೊಂದು ಕಾರ್ಡ್ ತಯಾರಿಸಬಹುದಿತ್ತು. ಚಿಪ್ ಬಂದ ಮೇಲೆ ಪ್ರತಿ ವಹಿವಾಟಿಗೂ ಹೊಸ ಗೂಢಸಂಕೇತ ಹುಟ್ಟುತ್ತದೆ. ಕದ್ದರೂ ಅದು ಮತ್ತೊಮ್ಮೆ ಕೆಲಸಕ್ಕೆ ಬಾರದು. ಕಾರ್ಡನ್ನು ಮೊಬೈಲ್ ವಾಲೆಟ್‌ಗೆ ಸೇರಿಸಿದಾಗ ರಕ್ಷಣೆ ಇನ್ನೊಂದು ಮೆಟ್ಟಿಲು ಮೇಲೇರುತ್ತದೆ. 2014ರಲ್ಲಿ ಬಂದ ಆಪಲ್ ಪೇ ಮತ್ತು ಅದರಂಥ ಸೇವೆಗಳಲ್ಲಿ ಅಂಗಡಿಯವರಿಗೆ ನಿಮ್ಮ ಕಾರ್ಡ್ ಸಂಖ್ಯೆ ತಲುಪುವುದೇ ಇಲ್ಲ. ಅದರ ಬದಲು ಆ ಮೊಬೈಲ್‌ಗೆ ಮಾತ್ರ ಸಲ್ಲುವ, ಟೋಕನ್ ಎಂಬ ಬದಲಿ ಸಂಖ್ಯೆ ಹೋಗುತ್ತದೆ. ಅಂಗಡಿಯ ದತ್ತಾಂಶ ಸೋರಿದರೂ ಕಳ್ಳರ ಕೈಗೆ ನಿಮ್ಮ ಅಸಲಿ ಸಂಖ್ಯೆ ಸಿಗುವುದಿಲ್ಲ. ಹೀಗೆ ಯಂತ್ರದ ಬೀಗ ಬಿಗಿಯಾದಂತೆಲ್ಲ ವಂಚಕರು ಬೀಗ ಒಡೆಯುವ ಕೆಲಸ ಬಿಟ್ಟು, ಬೀಗದ ಕೈ ಇರುವ ಮನುಷ್ಯನನ್ನೇ ಮಾತಿನಲ್ಲಿ ಕಟ್ಟಿಹಾಕಲು ಕಲಿತರು. ನಿಮಗೆ ಆದದ್ದೂ ಅದೇ. ಹಾಗಾಗಿ ಪೆದ್ದತನ ಮಾಡಿದೆನೆಂದು ನಿಮ್ಮನ್ನು ನೀವು ಹಳಿದುಕೊಳ್ಳಬೇಡಿ.

ಅಪರಿಚಿತರಿಗೆ ಹಣ ಕೊಡುವಾಗ ಕೇಳಬೇಕಾದ ಮೊದಲ ಪ್ರಶ್ನೆ ಒಂದೇ ಎಂಬುದು ನನ್ನ ಗಟ್ಟಿ ಅಭಿಪ್ರಾಯ: ಏನಾದರೂ ಎಡವಟ್ಟಾದರೆ ಈ ಹಣವನ್ನು ಹಿಂದಕ್ಕೆ ತರಲು ದಾರಿ ಇದೆಯೇ? ಈ ಅಳತೆಗೋಲಿನಲ್ಲಿ ಕ್ರೆಡಿಟ್ ಕಾರ್ಡ್ ಎಲ್ಲಕ್ಕಿಂತ ಮುಂದಿದೆ. ವಸ್ತು ಬರಲಿಲ್ಲ, ಬಂದದ್ದು ಬೇರೆಯೇ ಎಂದು ತಕರಾರು ಸಲ್ಲಿಸಿದರೆ, ವ್ಯಾಪಾರಿಯ ಬ್ಯಾಂಕಿನಿಂದ ಹಣ ಹಿಂದಕ್ಕೆ ಪಡೆಯುವ ಚಾರ್ಜ್‌ಬ್ಯಾಕ್ ವ್ಯವಸ್ಥೆ ಇದೆ. ಕೆಲವು ದೇಶಗಳಲ್ಲಿ ಕಾನೂನೂ ಬೆನ್ನಿಗಿದೆ. ಬ್ರಿಟನ್ನಿನ 1974ರ ಗ್ರಾಹಕ ಸಾಲ ಕಾಯ್ದೆಯ 75ನೇ ಸೆಕ್ಷನ್ ಪ್ರಕಾರ, 100 ಪೌಂಡ್‌ಗಿಂತ ಹೆಚ್ಚಿನ ಮತ್ತು 30,000 ಪೌಂಡ್ ಮೀರದ ಬೆಲೆಯ ಖರೀದಿಯಲ್ಲಿ ವ್ಯಾಪಾರಿ ಮಾತಿಗೆ ತಪ್ಪಿದರೆ ಕ್ರೆಡಿಟ್ ಕಾರ್ಡ್ ಕೊಟ್ಟ ಸಂಸ್ಥೆಯೂ ಸಮಾನ ಹೊಣೆ ಹೊರಬೇಕು.

ಡೆಬಿಟ್ ಕಾರ್ಡ್ ನೋಡಲು ಅದರ ಅವಳಿಯಂತಿದ್ದರೂ ಸ್ಥಿತಿ ಬೇರೆ. ಚಾರ್ಜ್‌ಬ್ಯಾಕ್ ಇದಕ್ಕೂ ಉಂಟು. ಆದರೆ ಕ್ರೆಡಿಟ್ ಕಾರ್ಡಿನಲ್ಲಿ ತಕರಾರು ನಡೆಯುವಾಗ ಸಿಕ್ಕಿಬಿದ್ದಿರುವುದು ಬ್ಯಾಂಕಿನ ಹಣ, ಡೆಬಿಟ್ ಕಾರ್ಡಿನಲ್ಲಿ ನಿಮ್ಮ ಹಣ. ತಿಂಗಳ ಬಾಡಿಗೆಗೆಂದು ಇಟ್ಟದ್ದು ವಿಚಾರಣೆ ಮುಗಿಯುವವರೆಗೆ ಖಾತೆಯಲ್ಲಿ ಇರದೇ ಹೋಗಬಹುದು. ತಡ ಮಾಡಿದಷ್ಟೂ ಹೊಣೆ ಏರುತ್ತದೆ. ಅಮೆರಿಕದ ನಿಯಮವನ್ನೇ ನೋಡಿ: ಡೆಬಿಟ್ ಕಾರ್ಡ್ ಕಳೆದದ್ದು ತಿಳಿದು ಎರಡು ಕೆಲಸದ ದಿನಗಳೊಳಗೆ ತಿಳಿಸಿದರೆ ಗ್ರಾಹಕರ ಹೊಣೆ ಹೆಚ್ಚೆಂದರೆ 50 ಡಾಲರ್, ಆಮೇಲಾದರೆ 500 ಡಾಲರ್‌ವರೆಗೆ. ಖಾತೆಯ ವಿವರಪಟ್ಟಿ ಬಂದು 60 ದಿನ ಕಳೆದರೂ ಸುಮ್ಮನಿದ್ದರೆ ನಂತರದ ನಷ್ಟಕ್ಕೆ ಮಿತಿಯೇ ಇಲ್ಲ.

ಖಾತೆಯಿಂದ ಖಾತೆಗೆ ಆ ಕ್ಷಣದಲ್ಲೇ ತಲುಪುವ ವರ್ಗಾವಣೆಯ ಬಗ್ಗೆ ಸ್ವಲ್ಪ ವಿವರವಾಗಿ ಹೇಳಬೇಕು. ಬ್ರಿಟನ್ನಿನ ಫಾಸ್ಟರ್ ಪೇಮೆಂಟ್ಸ್ 2008ರಲ್ಲಿ, ಭಾರತದ ಯುಪಿಐ 2016ರಲ್ಲಿ, ಬ್ರೆಜಿಲ್‌ನ ಪಿಕ್ಸ್ 2020ರಲ್ಲಿ ಬಂದವು. ಜನಸಾಮಾನ್ಯರಿಗೆ ಇವು ಮಾಡಿದ ಉಪಕಾರ ಸಣ್ಣದಲ್ಲ. ಆದರೆ ಇವುಗಳ ವೇಗವೇ ವಂಚಕರಿಗೂ ವರ. ಹಣ ಬಿದ್ದ ಖಾತೆ ಹೆಚ್ಚಾಗಿ ಬಾಡಿಗೆಗೆ ಪಡೆದ ಬೇರೆಯವರ ಖಾತೆಯಾಗಿರುತ್ತದೆ. ಅಲ್ಲಿಂದ ನಿಮಿಷಗಳಲ್ಲಿ ಇನ್ನೊಂದಕ್ಕೆ, ಮತ್ತೊಂದಕ್ಕೆ ಹಂಚಿಹೋಗುತ್ತದೆ. ನೀವು ಅನುಮಾನಪಟ್ಟು ಬ್ಯಾಂಕಿಗೆ ಕರೆ ಮಾಡುವಷ್ಟರಲ್ಲಿ ಮೊದಲ ಖಾತೆ ಖಾಲಿ. ಬ್ರಿಟನ್ 2024ರ ಅಕ್ಟೋಬರ್ 7ರಿಂದ ಒಂದು ಒಳ್ಳೆಯ ನಿಯಮ ತಂದಿದೆ. ಮೋಸಹೋಗಿ ದೇಶದೊಳಗೆ ತಾವೇ ಹಣ ಕಳುಹಿಸಿದವರಿಗೂ 85,000 ಪೌಂಡ್‌ವರೆಗೆ ಮರುಪಾವತಿ ಸಿಗಬೇಕು, ಅದರ ಭಾರವನ್ನು ಕಳುಹಿಸಿದ ಬ್ಯಾಂಕ್ ಮತ್ತು ಪಡೆದ ಬ್ಯಾಂಕ್ ಅರ್ಧರ್ಧ ಹೊರಬೇಕು. ವಂಚಕರಿಗೆ ಖಾತೆ ತೆರೆದುಕೊಟ್ಟ ಬ್ಯಾಂಕಿಗೂ ನೋವು ತಟ್ಟಿದಾಗಲೇ ಬಾಡಿಗೆ ಖಾತೆಗಳ ಮೇಲೆ ನಿಗಾ ಬರುತ್ತದೆ. ಇಂಥ ನಿಯಮ ಎಲ್ಲ ದೇಶಗಳಲ್ಲೂ ಬರಬೇಕು. ಅಲ್ಲಿಯವರೆಗೆ ತಕ್ಷಣದ ವರ್ಗಾವಣೆಯನ್ನು ಬಲ್ಲವರಿಗೆ ಮತ್ತು ವಸ್ತು ಕೈಗೆ ಬಂದ ಮೇಲೆ ಕೊಡುವ ಹಣಕ್ಕೆ ಮೀಸಲಿಡಿ.

ಗಿಫ್ಟ್ ಕಾರ್ಡ್ ಮತ್ತು ಬಿಟ್‌ಕಾಯಿನ್‌ನಂಥ ಡಿಜಿಟಲ್ ನಾಣ್ಯಗಳಾದ ಕ್ರಿಪ್ಟೊ, ಈ ಎರಡರ ಬಗ್ಗೆ ಹೆಚ್ಚು ಹೇಳುವುದೇ ಬೇಡ. ಗಿಫ್ಟ್ ಕಾರ್ಡಿನ ಸಂಖ್ಯೆ ಓದಿ ಹೇಳಿದ ಮೇಲೆ ಹಣ ಹೋದಂತೆಯೇ. ಬಿಟ್‌ಕಾಯಿನ್ ಜಾಲದಲ್ಲಿ ದೃಢಪಟ್ಟ ವರ್ಗಾವಣೆಯನ್ನು ರದ್ದು ಮಾಡುವ ಅಧಿಕಾರಿ ಯಾರೂ ಇಲ್ಲ. ದಂಡ, ತೆರಿಗೆ, ಜಾಮೀನು ಎಂದು ಹೇಳಿ ಇವುಗಳಲ್ಲೇ ಪಾವತಿಸಿ ಎನ್ನುವವರು ವಂಚಕರು.

ನಿಮ್ಮ ಪ್ರಕರಣದಲ್ಲಿ ಒಂದು ಘಳಿಗೆಯನ್ನು ಮತ್ತೆ ನೋಡಿ. ನೀವು ಕಾರ್ಡ್ ಎಂದಿರಿ, ಅವರು ಬೇಡ ಎಂದರು. ಶುಲ್ಕದ ಕಾರಣ ಕೇಳಲು ನ್ಯಾಯವಾಗಿಯೇ ಇತ್ತು. ಆದರೆ ರಕ್ಷಣೆ ಇರುವ ದಾರಿಯಿಂದ ಇಲ್ಲದ ದಾರಿಗೆ ನಿಮ್ಮನ್ನು ಸರಿಸಿದ್ದು ಅಲ್ಲೇ. ಇದು ಹಲವು ವೇಷಗಳಲ್ಲಿ ಬರುತ್ತದೆ. ಆನ್‌ಲೈನ್ ಪಾವತಿ ಸೇವೆಯಾದ ಪೇಪಾಲ್‌ನಲ್ಲಿ ಖರೀದಿದಾರರಿಗೆ ರಕ್ಷಣೆ ಇದೆ, ಆದರೆ ‘ಸ್ನೇಹಿತರು ಮತ್ತು ಕುಟುಂಬ’ ಎಂಬ ಆಯ್ಕೆಯಲ್ಲಿ ಕಳುಹಿಸಿದ ಹಣಕ್ಕೆ ಅದು ಅನ್ವಯಿಸದು. ಅಪರಿಚಿತ ಮಾರಾಟಗಾರರು ಅದನ್ನೇ ಒತ್ತಿ ಎಂದರೆ, ಅಥವಾ ಮಾರಾಟ ತಾಣದ ಹೊರಗೆ ಬನ್ನಿ ಎಂದರೆ ವ್ಯವಹಾರವನ್ನು ಅಲ್ಲಿಗೇ ನಿಲ್ಲಿಸಿ. ಎಷ್ಟು ಅಗ್ಗವಾಗಿದ್ದರೂ ಆ ವಸ್ತು ಬೇಡ.

ನೀವೇ ಏನಾದರೂ ಮಾರುವಾಗ ಇದರ ಇನ್ನೊಂದು ಮುಖ ಕಾಣುತ್ತದೆ. ಖರೀದಿಸುವವರು ‘ತಪ್ಪಿ ಒಂದು ಸೊನ್ನೆ ಹೆಚ್ಚು ಬಿತ್ತು, ಉಳಿದದ್ದನ್ನು ವಾಪಸ್ ಕಳುಹಿಸಿ’ ಎನ್ನುತ್ತಾರೆ. ಜೊತೆಗೇ ಬ್ಯಾಂಕಿನದ್ದೇ ಎನಿಸುವ ಸಂದೇಶವೂ ಮೊಬೈಲ್‌ಗೆ ಬರುತ್ತದೆ. ಆ ಸಂದೇಶವನ್ನು ಕಳುಹಿಸಿದವರೂ ಅವರೇ. ಕಳುಹಿಸಿದವರ ಹೆಸರನ್ನು ಯಾರು ಬೇಕಾದರೂ ನಕಲು ಮಾಡಬಹುದು. ಸಂದೇಶವನ್ನು ನಂಬದೆ, ಆ್ಯಪ್ ತೆರೆದು ಖಾತೆಯಲ್ಲಿರುವ ಮೊತ್ತವನ್ನೇ ನೋಡಿ. ಹಣ ನಿಜಕ್ಕೂ ಬಂದಿದ್ದರೂ ನೀವಾಗಿ ಹಿಂದಿರುಗಿಸಬೇಡಿ. ಬ್ಯಾಂಕಿಗೆ ತಿಳಿಸಿ, ಅವರ ಮೂಲಕವೇ ಹೋಗಲಿ. ಕದ್ದ ಖಾತೆಯಿಂದ ಬಂದ ಹಣವಾಗಿದ್ದರೆ ನೀವು ಅದನ್ನು ಸಾಗಿಸಿದವರಾಗುತ್ತೀರಿ.

ಒಟಿಪಿಯನ್ನು ಯಾರಿಗೂ ಹೇಳಬೇಡಿ ಎಂಬುದು ಎಲ್ಲರಿಗೂ ಗೊತ್ತು. ಆದರೆ ಒಟಿಪಿ ಸಂದೇಶವನ್ನು ಪೂರ್ತಿ ಓದುವವರು ಕಡಿಮೆ. ಅದರಲ್ಲಿ ಎಷ್ಟೋ ಸಲ ಮೊತ್ತವೂ ಪಡೆಯುವವರ ಹೆಸರೂ ಇರುತ್ತವೆ. ‘ನಿಮಗೆ ಹಣ ಹಿಂದಿರುಗಿಸುತ್ತಿದ್ದೇವೆ’ ಎಂದು ಕರೆಯಲ್ಲಿ ಹೇಳುತ್ತಿದ್ದಾಗ ಸಂದೇಶದಲ್ಲಿ ಹಣ ಕಡಿತದ ಮಾತಿದ್ದರೆ ಸಂದೇಶ ಹೇಳುತ್ತಿರುವುದೇ ಸತ್ಯ. ಸಹಾಯ ಮಾಡುತ್ತೇವೆ ಎಂದು ಪರದೆ ಹಂಚಿಕೊಳ್ಳುವ ಆ್ಯಪ್ ಹಾಕಿಸಿದರೆ ಒಟಿಪಿಯನ್ನು ನೀವು ಹೇಳಬೇಕಾಗಿಯೂ ಇಲ್ಲ, ಅವರೇ ಓದಿಕೊಳ್ಳುತ್ತಾರೆ.

ಅಣ್ಣನ ಸಲಹೆಯ ಹಿಂದಿನ ಕಾಳಜಿ ನನಗೆ ಅರ್ಥವಾಗುತ್ತದೆ. ಆದರೆ ನಗದು ಒಮ್ಮೆ ಕೈಬಿಟ್ಟರೆ ಅದಕ್ಕೆ ತಕರಾರು ಸಲ್ಲಿಸುವ ಕಿಟಕಿಯೇ ಇಲ್ಲ, ದಾಖಲೆಯೂ ಇಲ್ಲ. ಅದಕ್ಕಿಂತ, ಆನ್‌ಲೈನ್ ಖರೀದಿಗೆಂದೇ ಕಡಿಮೆ ಮಿತಿಯ ಒಂದು ಕ್ರೆಡಿಟ್ ಕಾರ್ಡ್ ಇಟ್ಟುಕೊಳ್ಳಿ. ಉಳಿತಾಯದ ಖಾತೆಯನ್ನು ಯಾವ ಆ್ಯಪ್‌ಗೂ ಜೋಡಿಸದೆ ಬೇರೆಯಾಗಿಡಿ. ಪ್ರತಿ ಕಡಿತಕ್ಕೂ ಸೂಚನೆ ಬರುವಂತೆ ಮಾಡಿಕೊಳ್ಳಿ.

ಇನ್ನು ಹೋದ ಹಣದ ವಿಚಾರ. ಬ್ಯಾಂಕಿನವರು ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ನಿಲ್ಲಬೇಡಿ. ವಹಿವಾಟಿನ ಸಂಖ್ಯೆ, ಸಮಯ, ಮಾರಾಟಗಾರರೊಂದಿಗಿನ ಸಂದೇಶಗಳ ಪ್ರತಿ, ಜಾಹೀರಾತಿನ ಚಿತ್ರ ಎಲ್ಲವನ್ನೂ ಸೇರಿಸಿ ಇವತ್ತೇ ಲಿಖಿತ ದೂರು ಕೊಡಿ, ಸ್ವೀಕೃತಿ ಪಡೆಯಿರಿ. ಹಣ ಪಡೆದ ಬ್ಯಾಂಕಿಗೂ ಪೊಲೀಸರಿಗೂ ಅದರ ಪ್ರತಿ ಹೋಗಲಿ. ಆ ಖಾತೆಯಲ್ಲಿ ಏನಾದರೂ ಉಳಿದಿದ್ದರೆ ತಡೆಹಿಡಿಯಲು ಸಾಧ್ಯವಾಗುವುದು ದೂರು ದಾಖಲಾದ ಮೇಲೆಯೇ. ಇನ್ನೊಂದು ಎಚ್ಚರ: ಒಮ್ಮೆ ಮೋಸಹೋದವರ ಹೆಸರು, ನಂಬರ್ ವಂಚಕರ ನಡುವೆ ಮಾರಾಟವಾಗುತ್ತದೆ. ಕೆಲವೇ ದಿನಗಳಲ್ಲಿ ವಕೀಲರೋ ತನಿಖಾಧಿಕಾರಿಯೋ ಎಂದು ಹೇಳಿಕೊಂಡು, ಕ್ಯಾಮೆರಾದ ಹಣ ಸಿಕ್ಕಿದೆ, ಬಿಡಿಸಿಕೊಳ್ಳಲು ಸಣ್ಣ ಶುಲ್ಕ ಕಟ್ಟಿ ಎಂಬ ಕರೆ ನಿಮಗೆ ಬರಬಹುದು. ನೀವು ಕಳೆದುಕೊಂಡ ಮೊತ್ತವೂ ತಾರೀಖೂ ಅವರಿಗೆ ಸರಿಯಾಗಿಯೇ ಗೊತ್ತಿರುತ್ತದೆ. ಆಗಲೂ ಏನನ್ನೂ ಕಟ್ಟಬೇಡಿ. ಕರೆ ಕಡಿದು, ದೂರಿನ ಸ್ವೀಕೃತಿಯಲ್ಲಿರುವ ನಂಬರಿಗೆ ನೀವೇ ಕರೆ ಮಾಡಿ ವಿಚಾರಿಸಿ.