ಡೇಲಿಯಾ ಗೆಡ್ಡೆ: ಬದಿಯಡ್ಕದಲ್ಲಿ ಕೊಳೆತದ್ದೇಕೆ, ಜತ್ತದಲ್ಲಿ ಸುಕ್ಕಿದ್ದೇಕೆ?

ಗಡಿನಾಡಿನ ಓದುಗರು ಡೇಲಿಯಾ ಕುರಿತು ಕೇಳಿದ ಪ್ರಶ್ನೆಗಳಿಗೆ ತೋಟಗಾರಿಕೆ ತಜ್ಞರ ಉತ್ತರ

ಪ್ರಶ್ನೆ: ಸಾಗರದ ನಾದಿನಿಯ ಮನೆಯಿಂದ ಆರು ಬಣ್ಣದ ಡೇರೆ (ಡೇಲಿಯಾ) ಗೆಡ್ಡೆ ತಂದು ಮಳೆಗಾಲದ ಮೊದಲಿಗೆ ನೆಟ್ಟಿದ್ದೆ. ಹೂವೇನೋ ಚೆಂದ ಬಂತು. ಡಿಸೆಂಬರಿನಲ್ಲಿ ಗಿಡ ಒಣಗಿದ ಮೇಲೆ ಗೆಡ್ಡೆ ಕಿತ್ತು, ಬೂದಿಯಲ್ಲಿ ಹೊರಳಿಸಿ, ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಅಟ್ಟಕ್ಕೆ ಹಾಕಿದೆ. ಮೇ ಕೊನೆಗೆ, ಪತ್ತನಾಜೆ ಕಳೆದು ತೆಗೆದರೆ ಕೆಲವು ಕೊಳೆತು ನೀರಾಗಿವೆ, ಕೆಲವು ಒಣಗಿ ಕಡ್ಡಿಯಾಗಿವೆ. ಒಂದೇ ಚೀಲದಲ್ಲಿ ಎರಡೂ ಆಗುವುದು ಹೇಗೆ? (ಬದಿಯಡ್ಕ, ಕಾಸರಗೋಡು ಜಿಲ್ಲೆ)

ಉತ್ತರ: ಎರಡಕ್ಕೂ ಮೂಲ ಕಾರಣ ಸೆಕೆ. ಹಂಚಿನ ಮನೆಯ ಅಟ್ಟ ಮಾರ್ಚ್‌ನಿಂದ ಮೇ ತನಕ ಕಾದೇ ಇರುತ್ತದೆ. ಅಡಿಕೆ ಇಡಲು ಯಾವ ಜಾಗ ಒಳ್ಳೆಯದೋ ಡೇಲಿಯಾ ಗೆಡ್ಡೆಗೆ ಆ ಜಾಗ ಆಗದು. ಕಿತ್ತ ಗೆಡ್ಡೆಗೂ ಜೀವ ಇದೆ. ಅದು ಉಸಿರಾಡುತ್ತ ಒಳಗಿನ ಆಹಾರವನ್ನು ಖರ್ಚು ಮಾಡುತ್ತದೆ, ಆವಿ ಬಿಡುತ್ತದೆ. ಸೆಕೆ ಹೆಚ್ಚಿದಷ್ಟೂ ಉಸಿರಾಟ ಜೋರು. ಬಾಯಿ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಆ ಆವಿ ರಾತ್ರಿ ತಣಿದು ಹನಿಯಾಗಿ ತಳಕ್ಕೆ ಇಳಿದಿದೆ. ತಳದಲ್ಲಿದ್ದ ಗೆಡ್ಡೆಗಳು ಆ ನೀರಿನಲ್ಲಿ ಕೊಳೆತವು. ಮೇಲಿದ್ದವುಗಳ ತೇವವನ್ನು ಒಣ ಬೂದಿ ಹೀರಿತು. ಆಲೂಗಡ್ಡೆಗೆ ಇರುವಂಥ ಬಿರುಸು ಸಿಪ್ಪೆ ಡೇಲಿಯಾಕ್ಕಿಲ್ಲ, ಹಾಗಾಗಿ ಅದು ಬೇಗ ನೀರು ಕಳೆದುಕೊಳ್ಳುತ್ತದೆ. ಬೂದಿಯನ್ನು ಕತ್ತರಿಸಿದ ಗಾಯಕ್ಕೆ ಮಾತ್ರ ಒತ್ತಿ, ಇಡೀ ಗೆಡ್ಡೆಗೆ ಬೇಡ.

ಗೆಡ್ಡೆಯನ್ನು 4ರಿಂದ 10 ಡಿಗ್ರಿ ಸೆಲ್ಸಿಯಸ್‌ನಲ್ಲಿ ಇಡಬೇಕೆಂದು ಎಲ್ಲ ಕಡೆ ಬರೆದಿರುತ್ತದೆ. ಮಾತು ಸರಿಯೇ, ಆದರೆ ಅದು ಹಿಮ ಬಿದ್ದು ನೆಲ ಹೆಪ್ಪುಗಟ್ಟುವ ಊರುಗಳ ಲೆಕ್ಕ. ಡೇಲಿಯಾದ ತವರು ಮೆಕ್ಸಿಕೋದ ಎತ್ತರದ ಗುಡ್ಡಗಾಡು. ಅಲ್ಲಿ ಬೇಸಿಗೆಯಲ್ಲಿ ಮಳೆ, ಚಳಿಗಾಲ ಒಣ ಮತ್ತು ತಂಪು. ಆ ಒಣ ತಿಂಗಳುಗಳನ್ನು ದಾಟಲೆಂದೇ ಗಿಡ ಗೆಡ್ಡೆ ಕಟ್ಟುತ್ತದೆ. ಕಾಸರಗೋಡಿನಲ್ಲಿ ಒಣ ತಿಂಗಳುಗಳೇ ಸೆಕೆಯ ತಿಂಗಳುಗಳು, ಅದರ ಬೆನ್ನಿಗೇ 3,000 ಮಿಲಿಮೀಟರಿಗೂ ಮೀರಿದ ಮಳೆ. ಆದ್ದರಿಂದ ನಿಮ್ಮಲ್ಲಿ ಗೆಡ್ಡೆ ಮಣ್ಣಿನಿಂದ ಹೊರಗಿರುವ ದಿನ ಕಡಿಮೆಯಾದಷ್ಟೂ ಒಳ್ಳೆಯದು. ಎಲ್ಲಕ್ಕಿಂತ ಒಳ್ಳೆಯದು ಕೀಳದೇ ಇರುವುದು.

ಹಾಗೆ ಮಾಡಲು ಗಿಡವನ್ನು 12 ಇಂಚಿನ ಕುಂಡದಲ್ಲೋ ಗ್ರೋ ಬ್ಯಾಗಿನಲ್ಲೋ ಬೆಳೆಸಬೇಕು. ಮಣ್ಣು ಎರಡು ಪಾಲು, ಹೊಯ್ಗೆ (ಮರಳು) ಒಂದು ಪಾಲು, ಚೆನ್ನಾಗಿ ಕಳಿತ ಕಾಂಪೋಸ್ಟ್ ಒಂದು ಪಾಲು, ಒಂದು ಹಿಡಿ ಬೇವಿನ ಹಿಂಡಿ. ಮುರಕಲ್ಲಿನ ಮಣ್ಣು ಹುಳಿ ಮಣ್ಣು, ಡೇಲಿಯಾಕ್ಕೆ ಪಿಎಚ್ 6.5ರ ಆಸುಪಾಸು ಬೇಕು. ಕುಂಡಕ್ಕೊಂದು ದೊಡ್ಡ ಚಮಚ ಡೋಲೊಮೈಟ್ ಸುಣ್ಣದ ಪುಡಿ ಬೆರೆಸಿ ಎರಡು ವಾರ ಬಿಟ್ಟು ನೆಡಿ. ಕಡಲ ಬದಿಯ ಹೊಯ್ಗೆ ಬೇಡ, ಉಪ್ಪು ಇರುತ್ತದೆ. ಹೊಳೆಯ ಹೊಯ್ಗೆಯೇ ಆಗಬೇಕು.

ಹೂ ಮುಗಿಯುವ ಆರು ವಾರ ಮೊದಲೇ ಯೂರಿಯಾ, ಸೆಗಣಿ ನೀರು, ಹಸಿ ಗೊಬ್ಬರ ನಿಲ್ಲಿಸಿ. ಸಾರಜನಕ ಹೆಚ್ಚು ತಿಂದ ಗಿಡದ ಗೆಡ್ಡೆ ದೊಡ್ಡದಿದ್ದರೂ ನೀರುನೀರಾಗಿರುತ್ತದೆ, ಬಾಳಿಕೆ ಬರುವುದಿಲ್ಲ. ಬೇಕಿದ್ದರೆ ಪೊಟ್ಯಾಷ್ ಕೊಡಿ. ಎಲೆ ಹಳದಿಗೆ ತಿರುಗಿದಾಗ ನೀರನ್ನು ಹದಿನೈದು ದಿನಗಳಲ್ಲಿ ಸ್ವಲ್ಪಸ್ವಲ್ಪವೇ ತಗ್ಗಿಸಿ. ಹಸಿರಿರುವಾಗ ಕಡಿಯಬೇಡಿ, ಗೆಡ್ಡೆ ತುಂಬಿಕೊಳ್ಳುವುದು ಆ ಕೊನೆಯ ದಿನಗಳಲ್ಲೇ. ಪೂರ್ತಿ ಒಣಗಿದ ಮೇಲೆ ಅರ್ಧ ಗೇಣು ಬಿಟ್ಟು ಕಾಂಡ ಕತ್ತರಿಸಿ.

ಇಲ್ಲೊಂದು ಸಣ್ಣ ವಿಷಯ ಎಲ್ಲರ ಕಣ್ಣು ತಪ್ಪುತ್ತದೆ. ಡೇಲಿಯಾ ಕಾಂಡ ಒಳಗೆ ಟೊಳ್ಳು. ಕತ್ತರಿಸಿದ ತುದಿಗೆ ಬಿದ್ದ ಹನಿ ನೇರ ಬುಡಕ್ಕೆ ಇಳಿದು, ಮೊಳಕೆಯ ಕಣ್ಣುಗಳಿರುವ ಜಾಗದಲ್ಲೇ ನಿಲ್ಲುತ್ತದೆ. ಗೆಡ್ಡೆ ಹೊರಗಿನಿಂದ ಗಟ್ಟಿ ಕಂಡರೂ ಬುಡ ಕಪ್ಪಾಗಿ ನಾರುತ್ತಿದ್ದರೆ ಕಾರಣ ಇದೇ. ಕಾಂಡದ ಮೇಲೆ ಒಂದು ತೆಂಗಿನ ಗೆರಟೆ ಕವುಚಿಟ್ಟರೆ ಸಾಕು.

ಕುಂಡವನ್ನು ಉತ್ತರ ಬದಿಯ ಜಗಲಿಯಲ್ಲಿ, ಗೋಡೆ ಬುಡಕ್ಕೆ, ಎರಡು ಇಟ್ಟಿಗೆಯ ಮೇಲೆ ಇಡಿ. ಬಿಸಿಲೂ ಬೇಡ, ಮಾಡಿನ ನೀರಿನ ಸಿಡಿತವೂ ಬೇಡ. ಇಪ್ಪತ್ತು ದಿನಕ್ಕೊಮ್ಮೆ ಅಂಚಿನಗುಂಟ ಅರ್ಧ ಲೋಟ ನೀರು. ಬೆರಳು ಚುಚ್ಚಿದರೆ ಒಂದು ಇಂಚಿನ ಕೆಳಗೆ ತೇವದ ಸುಳಿವು ಸಿಗಬೇಕು, ಮಣ್ಣು ಬೆರಳಿಗೆ ಅಂಟಬಾರದು. ಮೇ ಕೊನೆಗೆ ಚಿಗುರು ಕಂಡಾಗ ಬಗೆದು ಪಾಲು ಮಾಡಿ ಹೊಸ ಮಣ್ಣಿಗೆ ನೆಡಿ. ನೆಟ್ಟ ಗೆಡ್ಡೆಗೆ ಚಿಗುರು ಮೇಲೆ ಬರುವ ತನಕ ನೀರು ಬೇಡ. ಬೇರಿಲ್ಲದ ಗೆಡ್ಡೆ ನೀರು ಕುಡಿಯಲಾರದು, ಕೊಳೆಯುತ್ತದೆ. ಆಟಿಯ (ಜುಲೈ–ಆಗಸ್ಟ್) ಮಳೆ ಮುಗಿಯುವ ತನಕ ಕುಂಡ ಮಾಡಿನ ಅಡಿಯಲ್ಲೇ ಇರಲಿ.

ನೆಲದಲ್ಲಿ ಬೆಳೆದದ್ದಾದರೆ ಕೀಳಲೇಬೇಕಾಗುತ್ತದೆ. ಕಾಂಡ ಕತ್ತರಿಸಿ ಒಂದು ವಾರ ಬಿಡಿ, ಅಷ್ಟರಲ್ಲಿ ಸಿಪ್ಪೆ ಕೊಂಚ ಗಟ್ಟಿಯಾಗುತ್ತದೆ. ಬುಡದಿಂದ 30 ಸೆಂಟಿಮೀಟರ್ ದೂರದಲ್ಲಿ ಸುತ್ತ ಅಗೆದು, ಅಡಿಯಿಂದ ಎತ್ತಿ. ಕಾಂಡ ಹಿಡಿದು ಎಳೆದರೆ ಗೆಡ್ಡೆಯ ಕತ್ತು ಮುರಿಯುತ್ತದೆ, ಕತ್ತು ಮುರಿದದ್ದು ಎಷ್ಟು ದಪ್ಪವಿದ್ದರೂ ಚಿಗುರದು. ಅಂಟು ಮಣ್ಣು ತೊಳೆದು, ಕೂದಲು ಬೇರು ಕತ್ತರಿಸಿ, ಲೀಟರಿಗೆ 2 ಗ್ರಾಂ ಮ್ಯಾಂಕೊಜೆಬ್ ಶಿಲೀಂಧ್ರನಾಶಕ ಬೆರೆಸಿದ ನೀರಿನಲ್ಲಿ 20 ನಿಮಿಷ ಅದ್ದಿ. ಕೈಗವಸು ಇರಲಿ. ಆಮೇಲೆ ಕಾಂಡ ಕೆಳಗಾಗುವಂತೆ ತಲೆಕೆಳಗು ಮಾಡಿ ನೆರಳಿನಲ್ಲಿ ಎರಡು ದಿನ ಆರಿಸಿ, ಟೊಳ್ಳಿನ ನೀರು ಇಳಿಯುತ್ತದೆ. ತುಂಬಲು ತೆಂಗಿನ ನಾರಿನ ಪುಡಿಯೇ ಸೂಕ್ತ, ನಿಮ್ಮಲ್ಲಿ ಅದಕ್ಕೆ ಬರವಿಲ್ಲ. ಆದರೆ ಹಸಿ ಪುಡಿಯಲ್ಲಿ ಉಪ್ಪು, ಒಗರು ಇರುತ್ತವೆ. ಮೂರು ನೀರಿನಲ್ಲಿ ತೊಳೆದು ಒಣಗಿಸಿ, ಬಳಸುವಾಗ ಚೂರು ನೀರು ಚಿಮುಕಿಸಿ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆ ನಿಲ್ಲಬಾರದು, ಹನಿ ಇಳಿಯಲೇಬಾರದು. ತೂತಿರುವ ಕ್ರೇಟಿನಲ್ಲಿ ಒಂದಕ್ಕೊಂದು ತಾಗದ ಹಾಗೆ ಜೋಡಿಸಿ, ಮೂರು ವಾರಕ್ಕೊಮ್ಮೆ ಬಿಚ್ಚಿ ನೋಡಿ. ಮೆತ್ತಗಾದ ಭಾಗವನ್ನು ಬಿಳಿ ತಿರುಳು ಕಾಣುವ ತನಕ ಕೊಯ್ದು ತೆಗೆಯಿರಿ. ನಾರುವ ಗೆಡ್ಡೆಯನ್ನು ಉಳಿಸಲು ಹೋಗಬೇಡಿ, ಅದು ಪಕ್ಕದವನ್ನೂ ಕೆಡಿಸುತ್ತದೆ.

ಅಪರೂಪದ ಬಣ್ಣ ಒಂದೆರಡಿದ್ದರೆ ಫ್ರಿಜ್ಜಿನ ತರಕಾರಿ ಪೆಟ್ಟಿಗೆ ಆದೀತು. ನಾರಿನ ಪುಡಿಯೊಂದಿಗೆ, ನಾಲ್ಕಾರು ತೂತು ಮಾಡಿದ ಪ್ಲಾಸ್ಟಿಕ್ ಚೀಲದಲ್ಲಿ ಇಡಿ. ಬರೀ ಕಾಗದ ಸುತ್ತಿಟ್ಟರೆ ಫ್ರಿಜ್ಜಿನ ಒಣ ಗಾಳಿಗೆ ಸುಕ್ಕುತ್ತದೆ. ಸೇಬು, ಬಾಳೆಹಣ್ಣು ಅದೇ ಪೆಟ್ಟಿಗೆಯಲ್ಲಿ ಬೇಡ, ಅವು ಬಿಡುವ ಎಥಿಲೀನ್ ಅನಿಲ ಗೆಡ್ಡೆಯ ಕಣ್ಣುಗಳಿಗೆ ಆಗದು.

ಪ್ರಶ್ನೆ: ನಮ್ಮ ಕಡೆ ಎರಿ ಭೂಮಿ. ಥಂಡ್ಯಾಗ ಹೂವು ಭಾಳ ಛಲೋ ಬರತಾವ್ರಿ. ಮಾರ್ಚದಾಗ ಗಡ್ಡಿ ತಗದು ಬುಟ್ಟ್ಯಾಗ ಒಣಾ ಉಸುಕು ಹಾಕಿ ಇಟ್ಟರ, ಜೂನದಾಗ ನೋಡೂದ್ರಾಗ ಒಣಾ ಹುಣಸಿಕಾಯಿ ಆಗಿರತಾವ. ಫ್ರಿಜ್ ಇಲ್ಲ. ಏನ್ ಮಾಡಬೇಕ್ರಿ? (ಜತ್ತ ತಾಲ್ಲೂಕು, ಸಾಂಗಲಿ ಜಿಲ್ಲೆ)

ಉತ್ತರ: ಬದಿಯಡ್ಕದವರಿಗೆ ಇಲ್ಲದ ಒಂದು ಅನುಕೂಲ ನಿಮಗಿದೆ, ನಿಮ್ಮ ಬೇಸಿಗೆಯ ಗಾಳಿ ಒಣ ಗಾಳಿ. ಒಣ ಗಾಳಿಗೆ ನೀರು ಆರುವಾಗ ತಂಪು ಹುಟ್ಟುತ್ತದೆ. ಒಂದು ದೊಡ್ಡ ಮಣ್ಣಿನ ಗಡಿಗೆಯೊಳಗೆ ಇನ್ನೊಂದು ಸಣ್ಣ ಗಡಿಗೆ ಕೂಡಿಸಿ, ಸುತ್ತ ಮತ್ತು ತಳಕ್ಕೆ ಎರಡು ಬೆರಳಿನಷ್ಟು ಸಂದು ಬಿಟ್ಟು ಅದಕ್ಕೆ ಉಸುಕು ತುಂಬಿ. ಒಳಗಿನ ಗಡಿಗೆಗೆ ಒಣ ಕಾಗದ ಹಾಸಿ, ಗೆಡ್ಡೆಗಳನ್ನು ತುಸುವೇ ತೇವದ ನಾರಿನ ಪುಡಿ ಅಥವಾ ಉಸುಕಿನಲ್ಲಿ ಹೂಳಿ. ಬಾಯಿಗೆ ಒದ್ದೆ ಗೋಣಿತಟ್ಟು. ನೆರಳಿನಲ್ಲಿ, ಗಾಳಿ ಆಡುವ ಕಡೆ ಇಟ್ಟು, ಸಂದಿನ ಉಸುಕಿಗೆ ಮುಂಜಾನೆ ಸಂಜೆ ಒಂದೊಂದು ಚರಿಗೆ ನೀರು ಹಾಕಿ. ನೀರಿನ ತಾಪತ್ರಯ ಇದ್ದರೆ ಸಾಬೂನು ಸೇರದ, ಕೈ ತೊಳೆದ ನೀರೂ ನಡೆಯುತ್ತದೆ. ಮುಚ್ಚಿದ ಕೋಣೆಯಲ್ಲಿ ಇಟ್ಟರೆ ಇದು ಕೆಲಸ ಮಾಡದು. ಜೂನ್ ಮೋಡ ಕಟ್ಟಿದ ಮೇಲೆ ದಿನಕ್ಕೊಂದೇ ಸಲ ಸಾಕು. ಕಾಸರಗೋಡಿನ ಮಳೆಗಾಲದಲ್ಲಂತೂ ಈ ಗಡಿಗೆ ದಂಡ, ಅಲ್ಲಿ ಗಾಳಿಯೇ ಒದ್ದೆ.

ಎರಿ ಮಣ್ಣು ಒಣಗಿ ಬಿರಿದ ಮೇಲೆ ಅಗೆದರೆ ಗೆಡ್ಡೆಯ ಕತ್ತುಗಳು ಹೆಂಟೆಯ ಜೊತೆಗೇ ಮುರಿದು ಬರುತ್ತವೆ. ಎರಡು ದಿನ ಮೊದಲು ಹಗುರವಾಗಿ ನೀರು ಬಿಟ್ಟು, ಮಣ್ಣು ಹದಕ್ಕೆ ಬಂದಾಗ ಅಗೆಯಿರಿ. ಸುಕ್ಕಿದ ಗೆಡ್ಡೆಯನ್ನೆಲ್ಲ ಎಸೆಯಬೇಡಿ. ಬಗ್ಗಿಸಿದರೆ ರಬ್ಬರಿನಂತೆ ಬಗ್ಗಿದರೆ ಜೀವ ಇದೆ, ಒಂದು ವಾರ ತೇವದ ನಾರಿನ ಪುಡಿಯಲ್ಲಿಟ್ಟರೆ ಚೇತರಿಸಿಕೊಳ್ಳುತ್ತದೆ. ಲಟಕ್ಕನೆ ಮುರಿದರೆ ಮುಗಿಯಿತು. ಗಡಿಗೆಗೆ ಇಲಿ ಬಾರದಂತೆ ಗೋಣಿತಟ್ಟಿನ ಮೇಲೊಂದು ಜಾಳಿಗೆ ಕಟ್ಟಿ.

ಪ್ರಶ್ನೆ: ಒಂದು ದೊಡ್ಡ ಗೊಂಚಲನ್ನು ಬಿಡಿಸಿ ಹತ್ತು ಗೆಡ್ಡೆ ನೆಟ್ಟೆ. ಮೂರು ಮಾತ್ರ ಚಿಗುರಿದವು. ಉಳಿದವು ಎರಡು ತಿಂಗಳಾದರೂ ಕೆಟ್ಟಿಲ್ಲ, ಬೇರೂ ಬಿಟ್ಟಿವೆ, ಚಿಗುರು ಮಾತ್ರ ಇಲ್ಲ. ಇನ್ನೆಷ್ಟು ಕಾಯಬೇಕು? (ಹೊಸೂರು, ಕೃಷ್ಣಗಿರಿ ಜಿಲ್ಲೆ)

ಉತ್ತರ: ಕಾಯುವುದು ಬೇಡ, ಅವು ಕುರುಡು ಗೆಡ್ಡೆಗಳು. ಆಲೂಗಡ್ಡೆಗೆ ಮೈತುಂಬ ಕಣ್ಣು. ಡೇಲಿಯಾಕ್ಕೆ ಕಣ್ಣಿರುವುದು ಗೆಡ್ಡೆಯ ಕತ್ತು ಕಾಂಡದ ಬುಡವನ್ನು ಸೇರುವ ಜಾಗದಲ್ಲಿ ಮಾತ್ರ. ಕೈಯಿಂದ ಕಿತ್ತು ಬಿಡಿಸಿದಾಗ ಕಣ್ಣೆಲ್ಲ ಕಾಂಡದಲ್ಲೇ ಉಳಿದು, ಬರೀ ಗೆಡ್ಡೆ ನಿಮ್ಮ ಕೈಗೆ ಬಂದಿದೆ.

ಮುಂದಿನ ಸಲ ಇಡೀ ಗೊಂಚಲನ್ನು ಎರಡು ವಾರ ತೇವದ ನಾರಿನ ಪುಡಿಯ ಮೇಲೆ, ಬೆಳಕಿರುವ ನೆರಳಿನಲ್ಲಿ ಇಡಿ. ಬುಡದ ಸುತ್ತ ಸಾಸಿವೆ ಕಾಳಿನಷ್ಟು ಉಬ್ಬು ಕಾಣುತ್ತವೆ, ತಳಿಗೆ ತಕ್ಕಂತೆ ಗುಲಾಬಿ ಅಥವಾ ಹಸಿರು. ಆಗ ಹರಿತವಾದ ಚಾಕುವಿನಿಂದ, ಪ್ರತಿ ಗೆಡ್ಡೆಗೂ ಉಗುರಿನಷ್ಟು ಕಾಂಡದ ಬುಡ ಮತ್ತು ಒಂದು ಕಣ್ಣು ಬರುವಂತೆ ಕತ್ತರಿಸಿ. ಒಂದು ಗೊಂಚಲು ಮುಗಿದು ಇನ್ನೊಂದಕ್ಕೆ ಕೈ ಹಾಕುವ ಮುಂಚೆ ಚಾಕುವನ್ನು ಸ್ಪಿರಿಟ್‌ನಲ್ಲಿ ಒರೆಸಿ. ಗಾಯಕ್ಕೆ ಗಂಧಕದ ಪುಡಿ ಹಚ್ಚಿ ಒಂದು ದಿನ ಆರಲಿ. ಗೆಡ್ಡೆ ಬೆರಳು ದಪ್ಪ ಇದ್ದರೂ ಸಾಕು. ಹತ್ತಕ್ಕೆ ಹತ್ತೂ ಬರಲಿ ಎಂಬ ಆಸೆ ಬೇಡ, ಗೊಂಚಲಿನಲ್ಲಿ ಕಣ್ಣಿಲ್ಲದವು ಇದ್ದೇ ಇರುತ್ತವೆ.

ಗಿಡದ ಸಂಖ್ಯೆ ಹೆಚ್ಚಬೇಕಾದರೆ ಪಾಲು ಮಾಡುವುದಕ್ಕಿಂತ ಚಿಗುರು ಕಟಿಂಗ್ ಮೇಲು. 7–8 ಸೆಂಟಿಮೀಟರ್ ಬೆಳೆದ ಚಿಗುರನ್ನು ಗಿಣ್ಣಿನ ಕೆಳಗೆ ಕತ್ತರಿಸಿ, ಕೆಳಗಿನ ಎಲೆ ತೆಗೆದು, ಮರಳು ಮತ್ತು ನಾರಿನ ಪುಡಿ ಸಮಪಾಲು ಇರುವ ಟ್ರೇಯಲ್ಲಿ ಊರಿ. ಎರಡು ಮೂರು ವಾರಕ್ಕೆ ಬೇರು ಬರುತ್ತದೆ, ಅದೇ ಹಂಗಾಮಿನಲ್ಲಿ ಗೆಡ್ಡೆಯನ್ನೂ ಕಟ್ಟುತ್ತದೆ. ಎಲೆಯ ನರದಗುಂಟ ಹಳದಿ ಪಟ್ಟಿ, ಗಿಡ ಗಿಡ್ಡ, ಎಲೆ ಸೊಟ್ಟ ಇದ್ದರೆ ಆ ಗಿಡದಿಂದ ಕಟಿಂಗ್ ಆಗಲಿ ಗೆಡ್ಡೆಯಾಗಲಿ ಬೇಡ. ಅದು ಗಿಡಹೇನು ಹರಡುವ ನಂಜುರೋಗ, ಗೆಡ್ಡೆಯೊಳಗೂ ಕೂತಿರುತ್ತದೆ, ಯಾವ ಔಷಧಿಗೂ ಬಗ್ಗದು. ಕಿತ್ತು ಸುಡುವುದೇ ದಾರಿ.

ಪ್ರಶ್ನೆ: ನವೆಂಬರಿನಲ್ಲಿ ಒತ್ತೊತ್ತಾದ ದಳದ ಹೂ ಬಿಡುತ್ತಿದ್ದ ಗಿಡ ಜನವರಿಗೆ ನಡುವೆ ಹಳದಿ ಕಣ್ಣು ಕಾಣುವ ಹೂ ಬಿಡುತ್ತಿದೆ. ತಳಿ ಕೆಟ್ಟಿತೇ? (ಮಡಕಶಿರಾ)

ಉತ್ತರ: ತಳಿ ಸರಿಯಾಗಿಯೇ ಇದೆ, ಹಗಲು ಚಿಕ್ಕದಾಗಿದೆ. ಡಿಸೆಂಬರ್ ಕೊನೆಗೆ ನಿಮ್ಮಲ್ಲಿ ಹಗಲು 11 ಗಂಟೆ 20 ನಿಮಿಷದ ಆಸುಪಾಸು. ಹಗಲು 12 ಗಂಟೆಗಿಂತ ಕಡಿಮೆಯಾದಾಗ ಡೇಲಿಯಾ ಹೂವಿನ ಕಡೆಯ ಗಮನ ಬಿಟ್ಟು ಗೆಡ್ಡೆ ಕಟ್ಟಲು ತೊಡಗುತ್ತದೆ, ಮುದ್ದೆ ಹೂವಿನ ನಡು ಬಿಟ್ಟುಕೊಳ್ಳುತ್ತದೆ. ಪ್ರದರ್ಶನಕ್ಕೆ ಹೂ ಬೇಕಾದವರು ಮೊಗ್ಗು ಮೂಡುವ ಮುಂಚಿನಿಂದಲೇ ಗಿಡದ ಮೇಲೆ ಬಲ್ಬು ಕಟ್ಟಿ, ಸಂಜೆಯ ಬೆಳಕು ಸೇರಿ ದಿನಕ್ಕೆ 14 ಗಂಟೆ ಬೆಳಕು ಸಿಗುವಂತೆ ಮಾಡಬೇಕು. ಅಷ್ಟು ಉಸಾಬರಿ ಬೇಡವೆಂದರೆ ಜುಲೈನಲ್ಲೇ ನೆಟ್ಟುಬಿಡಿ. ಈಗ ಹಳದಿ ಕಣ್ಣಿನ ಹೂಗಳನ್ನು ಬಾಡುವ ಮೊದಲೇ ಚಿವುಟಿ, ಗೆಡ್ಡೆ ತುಂಬಿಕೊಳ್ಳಲಿ.

ಪ್ರಶ್ನೆ: ಹಿಮ ಬಿದ್ದು ಗಿಡವೆಲ್ಲ ಒಂದೇ ರಾತ್ರಿಯಲ್ಲಿ ಕಪ್ಪಾಯಿತು. ಗೆಡ್ಡೆಯೂ ಹೋಯಿತೇ? (ಉದಕಮಂಡಲ, ನೀಲಗಿರಿ)

ಉತ್ತರ: ಹೋಗಿಲ್ಲ. ನೀಲಗಿರಿಯ ಹಿಮ ಎಲೆ ಸುಡುತ್ತದೆ, ಗೆಡ್ಡೆ ಇರುವ ಆಳಕ್ಕೆ ಇಳಿಯುವುದಿಲ್ಲ. ವಾರ ಹತ್ತು ದಿನ ಬಿಟ್ಟು ಮೇಲೆ ಹೇಳಿದಂತೆಯೇ ಕಿತ್ತು ಆರಿಸಿ. ಸಂಗ್ರಹದ ಮಟ್ಟಿಗೆ ಈ ಅಂಕಣಕ್ಕೆ ಬರೆದವರಲ್ಲಿ ನೀವೇ ಅದೃಷ್ಟವಂತರು, ಮನೆಯೊಳಗಿನ ಬಿಸಿಲು ಬೀಳದ ತಣ್ಣನೆ ಕೋಣೆಯೇ ಸಾಕು. ಹೊರಗಿನ ತಗಡಿನ ಶೆಡ್ಡಿನಲ್ಲಿ ಮಾತ್ರ ಇಡಬೇಡಿ. ಅಲ್ಲಿ ಉಷ್ಣತೆ ಸೊನ್ನೆಗೆ ಇಳಿದರೆ ಗೆಡ್ಡೆಯೊಳಗಿನ ನೀರು ಹೆಪ್ಪುಗಟ್ಟಿ ಜೀವಕೋಶ ಒಡೆಯುತ್ತದೆ, ಬಿಸಿಲು ಏರಿದ ಮೇಲೆ ಗೆಡ್ಡೆ ಲೊಳಲೊಳ ಆಗುತ್ತದೆ. ಹಿಂಗಾರು ಮಳೆಯ ನೀರು ನಿಂತಿದ್ದ ಪಾತಿಯ ಗೆಡ್ಡೆಗಳನ್ನು ಬೇರೆಯಾಗಿಯೇ ಇಟ್ಟು, ಮೊದಲ ತಿಂಗಳು ವಾರಕ್ಕೊಮ್ಮೆ ಮುಟ್ಟಿ ನೋಡಿ.