ಕೇಳುಗರ ಕಟ್ಟೆ: ಗ್ರ್ಯಾಮ್ ಪಾರ್ಸನ್ಸ್ ಅವರ ‘ಜಿಪಿ’

ಪ್ರಶ್ನೆ: ‘ಜಿಪಿ’, ‘ಗ್ರೀವಸ್ ಏಂಜೆಲ್’ ಎರಡೂ ಹೆಸರಿರುವ ಒಂದು ಸಿಡಿ ಸಿಕ್ಕಿದೆ. ಅಮೆರಿಕದ ಗಾಯಕ ಪಾರ್ಸನ್ಸ್ ಅವರ ಮೊದಲ ಸೋಲೊ ಆಲ್ಬಮ್ ಇದೇನಾ?

ಉತ್ತರ: ಅದರಲ್ಲಿ ಮೊದಲ ಹನ್ನೊಂದು ಹಾಡು ಮಾತ್ರ, ‘ಸ್ಟಿಲ್ ಫೀಲಿಂಗ್ ಬ್ಲೂ’ನಿಂದ ‘ಬಿಗ್ ಮೌತ್ ಬ್ಲೂಸ್’ವರೆಗೆ. ರಿಪ್ರೈಸ್ ಕಂಪನಿ ಅದನ್ನು 1973ರ ಜನವರಿಯಲ್ಲಿ ತಂದಿತು. ಉಳಿದದ್ದು 1974ರ ಆಲ್ಬಮ್. ಅಷ್ಟು ಹೊತ್ತಿಗೆ ಪಾರ್ಸನ್ಸ್ ಇರಲಿಲ್ಲ, 1973ರ ಸೆಪ್ಟೆಂಬರ್‌ನಲ್ಲಿ 26ನೇ ವಯಸ್ಸಿಗೇ ತೀರಿಕೊಂಡಿದ್ದರು. ಎರಡನ್ನೂ ಒಟ್ಟಿಗೆ ಹಾಕಿದರೆ ‘ಜಿಪಿ’ಯ ಗುಣ ಕಲಸಿಹೋಗುತ್ತದೆ. ಹನ್ನೊಂದಕ್ಕೆ ನಿಲ್ಲಿಸಿ ಕೇಳಿ.

ಪ್ರಶ್ನೆ: ಪಾರ್ಸನ್ಸ್ ಬರ್ಡ್ಸ್ ಎಂಬ ರಾಕ್ ತಂಡದವರು ಎಂದು ಓದಿ ಕೇಳಿದೆ. ರಾಕ್ ಎಲ್ಲಿದೆ?

ಉತ್ತರ: ಕಡಿಮೆಯೇ ಇದೆ, ಅದು ಬೇಕೆಂದೇ ಮಾಡಿದ್ದು. ಬರ್ಡ್ಸ್ ಜೊತೆ 1968ರಲ್ಲಿ, ಫ್ಲೈಯಿಂಗ್ ಬರೀಟೊ ಬ್ರದರ್ಸ್ ಜೊತೆ 1969ರಲ್ಲಿ ಮಾಡಿದ ಆಲ್ಬಮ್‌ಗಳಲ್ಲಿ ರಾಕ್ ತಂಡಗಳೇ ಕಂಟ್ರಿಯನ್ನು, ಅಂದರೆ ಅಮೆರಿಕದ ಹಳ್ಳಿಗಾಡಿನ ಸಂಗೀತವನ್ನು, ಎತ್ತಿಕೊಂಡಿದ್ದವು. ಇಲ್ಲಿ ಎಲ್ವಿಸ್ ಪ್ರೀಸ್ಲಿ ಅವರ ವಾದ್ಯದವರನ್ನೇ ಕೂರಿಸಿದರು: ಗಿಟಾರ್‌ಗೆ ಜೇಮ್ಸ್ ಬರ್ಟನ್, ಪಿಯಾನೊಗೆ ಗ್ಲೆನ್ ಡಿ. ಹಾರ್ಡಿನ್, ಡ್ರಮ್ಸ್‌ಗೆ ರಾನಿ ಟಟ್. ಪಿಟೀಲು ಬೈರನ್ ಬರ್ಲೈನ್, ಪೆಡಲ್ ಸ್ಟೀಲ್ (ಅಡ್ಡ ಇಟ್ಟು ನುಡಿಸುವ, ಕಾಲಿನ ಪೆಡಲ್‌ಗಳಿಂದ ತಂತಿಯ ಶ್ರುತಿ ಬದಲಿಸುವ ಗಿಟಾರ್) ಆಲ್ ಪರ್ಕಿನ್ಸ್ ಮತ್ತು ಬಡ್ಡಿ ಎಮನ್ಸ್. ಇವರಲ್ಲಿ ಯಾರೂ ಹಾಡಿನ ಮೇಲೆ ಬೀಳುವುದಿಲ್ಲ. ಪಾರ್ಸನ್ಸ್ ಕಂಠ ತೆಳು, ಕೆಲವೆಡೆ ನಡುಗುತ್ತದೆ. ‘ಷಿ’ ಹಾಡಿನಲ್ಲಿ ಆ ನಡುಕವೇ ಹಾಡನ್ನು ಹೊತ್ತಿದೆ ಎಂಬುದು ನಮ್ಮ ಅಭಿಪ್ರಾಯ. ಆಲ್ಬಮ್ ಅಮೆರಿಕದ ಜನಪ್ರಿಯತೆಯ ಬಿಲ್‌ಬೋರ್ಡ್ ಪಟ್ಟಿಗೆ ಏರಲಿಲ್ಲ.

ಪ್ರಶ್ನೆ: ಆ ಜಾರುವ, ಅಳುವಂಥ ಪೆಡಲ್ ಸ್ಟೀಲ್ ನಾದವನ್ನು ಮಾಮೂಲಿ ಎಲೆಕ್ಟ್ರಿಕ್ ಗಿಟಾರಿನಲ್ಲಿ ತರಬಹುದೇ?

ಉತ್ತರ: ಹತ್ತಿರಕ್ಕೆ ತರಬಹುದು. ಸ್ಲೈಡ್ (ಬೆರಳಿಗೆ ತೊಟ್ಟು ತಂತಿಯ ಮೇಲೆ ಜಾರಿಸುವ ಕೊಳವೆ) ಹಾಕಿಕೊಂಡು ಹೊರಟರೆ ಮಾತ್ರ ಸಿಗುವುದಿಲ್ಲ, ಏಕೆಂದರೆ ಸ್ಲೈಡ್‌ನಲ್ಲಿ ತಂತಿಗಳೆಲ್ಲ ಒಟ್ಟಿಗೆ ಜಾರುತ್ತವೆ. ಪೆಡಲ್ ಸ್ಟೀಲ್‌ನ ಗುಟ್ಟೇ ಬೇರೆ: ಕೆಲವು ತಂತಿ ಅಲುಗದೆ ನಿಂತಿರುವಾಗ ಇನ್ನೊಂದು ಮಾತ್ರ ಏರುತ್ತದೆ. ಹತ್ತು ತಂತಿಯ ಇ9 ಶ್ರುತಿಯಲ್ಲಿ ಒಂದು ಪೆಡಲ್ ಬಿ ತಂತಿಗಳನ್ನು ಸಿ ಶಾರ್ಪ್‌ಗೆ ಏರಿಸಿದರೆ, ಪಕ್ಕದ್ದು ಜಿ ಶಾರ್ಪ್ ಅನ್ನು ‘ಎ’ ಸ್ವರಕ್ಕೆ ಏರಿಸುತ್ತದೆ.

ನೀವು ಹೀಗೆ ಮಾಡಿ. ಕಿರುಬೆರಳನ್ನು ಅಡ್ಡ ಮಲಗಿಸಿ ಮೊದಲೆರಡು ತಂತಿಗಳ 8ನೇ ಫ್ರೆಟ್ ಒತ್ತಿ. ಉಂಗುರಬೆರಳು ಮೂರನೇ ತಂತಿಯ 7ನೇ ಫ್ರೆಟ್‌ನಲ್ಲಿರಲಿ, ಅದರ ಹಿಂದೆ ಮಧ್ಯದ ಬೆರಳು ಆಸರೆಗೆ. ಮೂರನ್ನೂ ಮೀಟಿ, ಮೂರನೇ ತಂತಿಯನ್ನು ಮಾತ್ರ ‘ಡಿ’ ಸ್ವರದಿಂದ ‘ಇ’ ಸ್ವರದವರೆಗೆ ಎಳೆಯಿರಿ. ಸಿ ಮೇಜರ್ ಕೂಡಿಕೊಳ್ಳುತ್ತದೆ. ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ಎಳೆತ ಅರ್ಧಕ್ಕೇ ನಿಂತು ಅಪಸ್ವರವಾಗುತ್ತದೆ, ಆದ್ದರಿಂದ ಅದೇ ತಂತಿಯ 9ನೇ ಫ್ರೆಟ್ ನುಡಿಸಿ ಆ ಸ್ವರಕ್ಕೆ ಹೋಲಿಸಿಕೊಳ್ಳಿ. ಇಲ್ಲವೇ ಕಿರುಬೆರಳೂ ಜೊತೆಗೆ ಎಳೆದು ನಿಲ್ಲಬೇಕಾದ ಸ್ವರ ತೂಗಾಡುತ್ತದೆ. ಮೂರನೇ ತಂತಿ ಮೇಲೆ ಸಣ್ಣ ತಂತಿ ಸುತ್ತಿದ್ದಾದರೆ ಅಷ್ಟು ಎಳೆಯುವುದು ಬಹಳ ಕಷ್ಟ. 9-42 ಎಂಬ ತೆಳು ತಂತಿಗಳ ಸೆಟ್ ಹಾಕಿ, ಅದರಲ್ಲಿ ಮೂರನೆಯದು ಬರಿ ತಂತಿ. ವಾಲ್ಯೂಮ್ ನಾಬ್ ಸೊನ್ನೆಯಲ್ಲಿಟ್ಟು ಮೀಟಿ, ಕೂಡಲೇ ಕಿರುಬೆರಳಿನಿಂದ ಏರಿಸಿದರೆ ಮೀಟಿದ ಪೆಟ್ಟು ಅಡಗಿ ನಾದ ಮಾತ್ರ ಉಬ್ಬಿ ಬರುತ್ತದೆ. ನಾಬ್ ತಿರುಗಿಸುವುದು ಮೀಟುವ ಕೈಯ ಕಿರುಬೆರಳು, ಮರೆಯಬೇಡಿ.

ಪ್ರಶ್ನೆ: ನಾವಿಬ್ಬರು ಗೆಳತಿಯರು ‘ಜಿಪಿ’ಯ ಯುಗಳಗೀತೆ ‘ದಟ್ಸ್ ಆಲ್ ಇಟ್ ಟುಕ್’ ಹಾಡಲು ನೋಡುತ್ತಿದ್ದೇವೆ. ಅದರಲ್ಲಿ ಪಾರ್ಸನ್ಸ್ ಜೊತೆ ಹಾಡಿರುವ ಎಮ್ಮಿಲೂ ಹ್ಯಾರಿಸ್ ಅವರ ದನಿ ಹಿಡಿಯಲು ಹೋದವಳು ಪಾರ್ಸನ್ಸ್ ಸ್ವರಕ್ಕೇ ಬಂದು ಬೀಳುತ್ತಾಳೆ.

ಉತ್ತರ: ನಮ್ಮ ಯುಗಳಗೀತೆಗಳಲ್ಲಿ ಸಾಮಾನ್ಯವಾಗಿ ಇಬ್ಬರೂ ಒಂದೇ ಸ್ವರ ಹಿಡಿಯುವುದರಿಂದ ಕಿವಿಗೆ ಆ ರೂಢಿ. ಇಂಥ ಕಂಟ್ರಿ ಜೋಡಿಯಲ್ಲಿ ಮೇಲಿನ ದನಿ ಬಹುಪಾಲು ಒಂದು ಸ್ವರ ಬಿಟ್ಟು ಮೇಲಿರುತ್ತದೆ: ಕೆಳಗೆ ಸ ಇದ್ದರೆ ಮೇಲೆ ಗ, ರಿಗೆ ಮ, ಗಕ್ಕೆ ಪ. ಈ ಅಂತರಗಳು ಒಂದೇ ಅಳತೆಯವಲ್ಲ. ಶಂಕರಾಭರಣದ ಸ್ವರಗಳಲ್ಲಿ ಸ–ಗ ನಡುವೆ ನಾಲ್ಕು ಅರ್ಧಸ್ವರ, ರಿ–ಮ ನಡುವೆ ಮೂರೇ. ಎಲ್ಲವನ್ನೂ ನಾಲ್ಕರಲ್ಲಿ ಹಿಡಿದರೆ ಎರಡನೇ ಸ್ವರದಲ್ಲೇ ರಾಗ ತಪ್ಪುತ್ತದೆ.

ಒಂದು ವಾರ ಜೊತೆಯಲ್ಲಿ ಹಾಡಬೇಡಿ. ಮೇಲಿನ ದನಿಯವರು ತಮ್ಮ ಸಾಲನ್ನು ಬೇರೆಯೇ ಹಾಡೆಂಬಂತೆ ಶ್ರುತಿಪೆಟ್ಟಿಗೆ ಹಿಡಿದು ಕಲಿಯಲಿ. ಆಮೇಲೆ ಗೆಳತಿಯ ಸಾಲನ್ನು ಫೋನಿನಲ್ಲಿ ಸಣ್ಣ ದನಿಯಲ್ಲಿ ಹಾಕಿ ಅದರ ಮೇಲೆ ಹಾಡಲಿ, ದಿನವೂ ಸ್ವಲ್ಪ ಸ್ವಲ್ಪ ದನಿ ಏರಿಸುತ್ತ. ಸಾಲಿನ ಕೊನೆಯ ಅಕ್ಷರವನ್ನು ಇಬ್ಬರೂ ಒಟ್ಟಿಗೆ ಬಿಡಬೇಕು. ಅದಕ್ಕೆ ಎದುರುಬದುರು ಕುಳಿತು ಒಬ್ಬರ ಬಾಯಿ ಒಬ್ಬರು ನೋಡಿಕೊಂಡು ಹಾಡಿ.